ಕೌಟುಂಬಿಕ ಚಿಕಿತ್ಸೆ, ಕೌನ್ಸೆಲಿಂಗ್, ಹದಿಹರೆಯದ ಸಂಶೋಧನೆ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಟಿಎ ಸಭೆ ಮುಗಿದ ಮೇಲೆ ಗೇಟಿನ ಬಳಿ, ಮದುವೆಯ ಚಪ್ಪರದಲ್ಲಿ, ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ, ಪತ್ರಗಳಲ್ಲಿ, ಮಕ್ಕಳಿಗೂ ಮನೆಯವರಿಗೂ ಕೌನ್ಸೆಲಿಂಗ್ ಮಾಡುವ ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರಲ್ಲಿ ಕೆಲವರು ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರು, ಉಳಿದವರು ಅಪ್ಪ ಅಮ್ಮಂದಿರು. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ಬರುವ ಮನೆಗಳು ಗುರುತು ಸಿಗದಂತೆ ಹಲವು ಮನೆಗಳ ಸಂಗತಿ ಬೆರೆಸಿ ಬರೆದಂಥವು.

## ಮೊದಲು ಕೇಳುವುದು

ಕೌನ್ಸೆಲಿಂಗ್ ಎಂದರೆ ಬುದ್ಧಿ ಹೇಳುವುದೇ ತಾನೇ? ಅದಕ್ಕೆ ಅಷ್ಟು ವರ್ಷ ಓದಬೇಕೇ?

ಬುದ್ಧಿ ಹೇಳುವವರಿಗೆ ನಮ್ಮಲ್ಲಿ ಎಂದೂ ಬರ ಬಂದಿಲ್ಲ. ನನ್ನ ಬಳಿ ಬರುವ ಹುಡುಗ ಅಷ್ಟರಲ್ಲಿ ಕ್ಲಾಸ್ ಟೀಚರ್, ಹೆಡ್‌ಮಾಸ್ಟರ್, ಚಿಕ್ಕಪ್ಪ, ನೆರೆಮನೆಯವರು, ಕೆಲವೊಮ್ಮೆ ಠಾಣೆಯ ಪೊಲೀಸರಿಂದಲೂ ಬುದ್ಧಿ ಹೇಳಿಸಿಕೊಂಡಿರುತ್ತಾನೆ. ಅದರಿಂದ ಆಗುವಂತಿದ್ದರೆ ಅವನು ನನ್ನ ತನಕ ಬರುತ್ತಿರಲಿಲ್ಲ. ಓದು ಬೇಕಾಗುವುದು ನಡುವೆ ಬಾಯಿ ಹಾಕದೆ ಕೇಳುವುದನ್ನು ಕಲಿಯಲು, ಖಿನ್ನತೆಯನ್ನು ಸೋಮಾರಿತನ ಎಂದು ತಿಳಿಯದಿರಲು, ‘ಸಾಯಬೇಕು ಅನ್ನಿಸಿದೆಯೇ’ ಎಂದು ನೇರವಾಗಿ ಕೇಳಲು, ಮನೋವೈದ್ಯರ ಬಳಿಗೆ ಯಾರನ್ನು ಯಾವಾಗ ಕಳುಹಿಸಬೇಕು ಎಂದು ತಿಳಿಯಲು. ಸಾವಿನ ಬಗ್ಗೆ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂದು ಹೆತ್ತವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರೂ ಕೇಳದೆ ಹೋದದ್ದರಿಂದ ಆಗುವ ಹಾನಿಯೇ ಹೆಚ್ಚು.

ಸೈಕಿಯಾಟ್ರಿಸ್ಟ್, ಸೈಕಾಲಜಿಸ್ಟ್, ಸೋಶಿಯಲ್ ವರ್ಕರ್, ಕೌನ್ಸೆಲರ್ – ನಮಗೆ ಎಲ್ಲರೂ ಒಂದೇ ಅನ್ನಿಸುತ್ತದೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆಗಳ ಮೂಲಕ ಅಳೆಯುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಮನೆ, ಶಾಲೆ, ಪಂಚಾಯತಿಯವರೆಗೆ ಹೋಗಿ ಕೆಲಸ ಮಾಡುವವರು. ಕೌನ್ಸೆಲರ್ ಎಂಬ ಫಲಕವನ್ನು ಮಾತ್ರ ಇಷ್ಟು ಕಾಲ ಯಾರು ಬೇಕಾದರೂ ಹಾಕಿಕೊಳ್ಳಬಹುದಿತ್ತು. ತೊಂದರೆ ಇರುವುದು ಅಲ್ಲಿಯೇ. ಮಗುವನ್ನು ಕರೆದುಕೊಂಡು ಹೋಗುವ ಮೊದಲು ‘ನೀವು ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ’ ಎಂದು ಕೇಳಿ. ಒಳ್ಳೆಯ ಕೌನ್ಸೆಲರ್ ಬೇಸರ ಮಾಡಿಕೊಳ್ಳುವುದಿಲ್ಲ.

ಹಾಳಾಗಿರುವುದು ಹುಡುಗ. ಮನೆಯವರೆಲ್ಲ ಯಾಕೆ ಬರಬೇಕು?

ಇದನ್ನು ಹೆಚ್ಚಾಗಿ ಕೇಳುವವರು ಅಪ್ಪಂದಿರು, ಅದೂ ಫೋನಿನಲ್ಲಿ. ಒಬ್ಬನ ನಡವಳಿಕೆ ಮನೆಯ ಉಳಿದವರ ನಡವಳಿಕೆಯೊಂದಿಗೆ ಹೆಣೆದುಕೊಂಡಿರುತ್ತದೆ ಎಂಬುದು ಕೌಟುಂಬಿಕ ಚಿಕಿತ್ಸೆಯ ಮೂಲ ತಿಳಿವಳಿಕೆ. ಅವನೊಬ್ಬನನ್ನೇ ಕೋಣೆಯಲ್ಲಿ ಕೂರಿಸಿ ತಿದ್ದಿ ಅದೇ ಮನೆಗೆ ಕಳುಹಿಸಿದರೆ ಸ್ವಲ್ಪ ದಿನಗಳಲ್ಲಿ ಎಲ್ಲವೂ ಮೊದಲಿನಂತೆ.

ಬದಿಯಡ್ಕದ ಕಡೆಯ ಒಂದು ಮನೆಯವರು ಬಂದಿದ್ದಾರೆ ಎಂದುಕೊಳ್ಳಿ. ಹುಡುಗ ಹತ್ತನೇ ತರಗತಿ. ಶಾಲೆಗೆ ಹೋಗುವುದಿಲ್ಲ, ರಾತ್ರಿಯಿಡೀ ಮೊಬೈಲ್. ಐದು ಕುರ್ಚಿ ಇಟ್ಟಿದ್ದೇನೆ, ಯಾರು ಎಲ್ಲಿ ಕೂರಬೇಕೆಂದು ಹೇಳಿಲ್ಲ. ಹುಡುಗ ಬಾಗಿಲ ಹತ್ತಿರದ ಕುರ್ಚಿ ಹಿಡಿಯುತ್ತಾನೆ. ಅವನಿಗೆ ಒತ್ತಿಕೊಂಡು ಅಜ್ಜಿ. ಅಮ್ಮ ನನ್ನ ಎದುರು, ಮಡಿಲಲ್ಲಿ ಪ್ರೋಗ್ರೆಸ್ ಕಾರ್ಡ್ ಇಟ್ಟ ಕವರು. ಅಪ್ಪ ಕೂರುವುದೇ ಇಲ್ಲ, ಕಿಟಕಿಗೆ ಒರಗಿ ನಿಲ್ಲುತ್ತಾರೆ. ತಂಗಿ ಎಲ್ಲರ ಮುಖವೂ ಕಾಣುವ ಮೂಲೆ ಹುಡುಕಿಕೊಂಡಿದ್ದಾಳೆ. ಹುಡುಗನನ್ನು ಮಾತಾಡಿಸಿದರೆ ಉತ್ತರ ಅಮ್ಮನಿಂದ ಬರುತ್ತದೆ. ಆಗ ನಾನು ತಂಗಿಯ ಕಡೆ ತಿರುಗುತ್ತೇನೆ: ‘ಅಣ್ಣ ಬೆಳಗ್ಗೆ ಏಳದಿದ್ದರೆ ಮೊದಲು ಯಾರಿಗೆ ಕೋಪ ಬರುತ್ತದೆ?’

‘ಅಮ್ಮನಿಗೆ.’

‘ಅಮ್ಮ ಬೈದಾಗ ಅಜ್ಜಿ ಏನು ಮಾಡುತ್ತಾರೆ?’

‘ಅಣ್ಣನಿಗೆ ದೋಸೆ ಕೋಣೆಗೇ ತಂದುಕೊಡುತ್ತಾರೆ ಟೀಚರ್. ಆಮೇಲೆ ಅಮ್ಮ ಅಜ್ಜಿ ಹತ್ತಿರ ಮಾತಾಡುವುದಿಲ್ಲ. ಅಪ್ಪ ಬೈಕ್ ತೆಗೆದುಕೊಂಡು ಹೋಗುತ್ತಾರೆ.’

ಕೋಣೆಯಲ್ಲಿ ಯಾರೂ ಮಾತಾಡುವುದಿಲ್ಲ. ಅಪ್ಪ ಮೆಲ್ಲನೆ ಕುರ್ಚಿ ಎಳೆದುಕೊಳ್ಳುತ್ತಾರೆ. ಶಾಲೆ ಬಿಟ್ಟ ಹುಡುಗನ ವಿಚಾರದೊಳಗೆ ಅತ್ತೆ ಸೊಸೆಯ ಹಳೆಯ ಮನಸ್ತಾಪ ಸೇರಿಕೊಂಡಿದೆ. ಅಪ್ಪ ಜಗಳದಿಂದ ನುಣುಚಿಕೊಳ್ಳುವುದನ್ನು ನೋಡಿಯೇ ಮಗ ಶಾಲೆಯಿಂದ ನುಣುಚಿಕೊಳ್ಳುವುದನ್ನು ಕಲಿತಿದ್ದರೂ ಕಲಿತಿರಬಹುದು. ಹುಡುಗನೊಬ್ಬನೇ ಬಂದಿದ್ದರೆ ಇದು ತಿಂಗಳುಗಟ್ಟಲೆ ಹೊರಬೀಳುತ್ತಿರಲಿಲ್ಲ. ಯಾರ ತಪ್ಪು ಎಂಬ ಪಂಚಾಯಿತಿಕೆಗೆ ನಾನು ಕೂರುವುದಿಲ್ಲ. ಬೆಳಗ್ಗೆ ಏಳರಿಂದ ಎಂಟರವರೆಗೆ ಆ ಮನೆಯಲ್ಲಿ ಏನು ನಡೆಯಬೇಕು ಎಂದು ಅಮ್ಮ ಮತ್ತು ಅಜ್ಜಿ ಇಬ್ಬರೇ ಕುಳಿತು ಗೊತ್ತು ಮಾಡಬೇಕು, ಆ ಹೊತ್ತಿನಲ್ಲಿ ಬೈಕಿನ ಕೀಲಿ ಗೂಟದಲ್ಲೇ ಇರಬೇಕು. ಮೊದಲ ವಾರದ ಕೆಲಸ ಇಷ್ಟೇ.

ಇದು ಅಮೆರಿಕದ ಪದ್ಧತಿ. ನಮ್ಮ ಮನೆಗಳಿಗೆ ಹೊಂದುತ್ತದೆಯೇ?

ಪುಸ್ತಕಗಳು ಹೆಚ್ಚಾಗಿ ಅಲ್ಲಿಯವು, ನಿಜ. ಅರ್ಜೆಂಟೀನಾದಲ್ಲಿ ಹುಟ್ಟಿದ ಮನೋವೈದ್ಯ ಸಾಲ್ವಡಾರ್ ಮಿನುಚಿನ್ ನ್ಯೂಯಾರ್ಕ್‌ನ ಬಡ ಹುಡುಗರ ವಸತಿಶಾಲೆಯಲ್ಲಿ ಕೆಲಸ ಮಾಡುತ್ತ, ಹುಡುಗರನ್ನು ಮಾತ್ರ ನೋಡಿದರೆ ಆಗದು ಎಂದು ಅವರ ಮನೆಯವರನ್ನು ಕರೆಸಿದರು. ಆಮೇಲೆ ಫಿಲಡೆಲ್ಫಿಯಾದಲ್ಲಿ ಅದನ್ನೊಂದು ಪದ್ಧತಿಯಾಗಿ ಬೆಳೆಸಿದರು. ಆದರೆ ಅದಕ್ಕೂ ಮುಂಚೆ, 1950ರ ದಶಕದಲ್ಲೇ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಅದೇ ಹಾದಿ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1977ರಲ್ಲಿ ಕುಟುಂಬಗಳಿಗೆಂದೇ ಪ್ರತ್ಯೇಕ ಕೇಂದ್ರ ಶುರುವಾಯಿತು. ಪಶ್ಚಿಮದಲ್ಲಿ ಕುಟುಂಬವನ್ನು ಆಸ್ಪತ್ರೆಗೆ ಬರಮಾಡಿಕೊಳ್ಳಲು ಸಿದ್ಧಾಂತ ಬೇಕಾಯಿತು. ನಮ್ಮಲ್ಲಿ ಅವರು ಬುತ್ತಿ ಕಟ್ಟಿಕೊಂಡು ಬಂದೇ ಬರುತ್ತಿದ್ದರು.

ಹೊಂದಿಸಿಕೊಳ್ಳಬೇಕಾದದ್ದು ಸೂಕ್ಷ್ಮಗಳನ್ನು. ಕುಟುಂಬದ ನಕ್ಷೆ ಬರೆಯುವಾಗ ಪುಸ್ತಕದ ಪ್ರಕಾರ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ನಡುವೆ ಗಂಡ ಹೆಂಡಿರ ಗೆರೆ, ಕೆಳಗೆ ಮಕ್ಕಳು. ವಂಶ ತಾಯಿಯ ಕಡೆಯಿಂದ ನಡೆಯುವ ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಸೋದರಮಾವನನ್ನು ಅಂಚಿಗೆ ತಳ್ಳಿದರೆ ನಕ್ಷೆಯೇ ಸುಳ್ಳಾಗುತ್ತದೆ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ 1975ರ ಕಾಯ್ದೆಯೊಂದಿಗೆ ಕಾನೂನಿನಲ್ಲಿ ಮುಗಿಯಿತು. ಹುಡುಗಿ ಮುಂದೆ ಓದಬೇಕೋ ಬೇಡವೋ ಎಂಬ ವಿಷಯದಲ್ಲಿ ಮಾವನ ಮಾತು ಇನ್ನೂ ಮುಗಿದಿಲ್ಲ.

ಜೋಯಿಸರಲ್ಲಿ ಪ್ರಶ್ನೆ ಇಟ್ಟು ನೋಡಿದ್ದೇವೆ. ಹೇಳಿದರೆ ನೀವು ಬೈಯುತ್ತೀರಾ?

ಇಲ್ಲ. ಮಾತ್ರೆ ನಿಲ್ಲಿಸಬೇಡಿ, ಮಗುವನ್ನು ಹೊಡೆಯಲು ಕಟ್ಟಿಹಾಕಲು ಯಾರಿಗೂ ಬಿಡಬೇಡಿ ಎಂಬ ಎರಡು ಮಾತು ಬಿಟ್ಟರೆ ನನ್ನ ತಕರಾರಿಲ್ಲ. ಒಂದು ಹೊಟ್ಟೆಕಿಚ್ಚು ಮಾತ್ರ ಇದೆ: ಜೋಯಿಸರ ಪ್ರಶ್ನೆಗೆ ಮುಂಬಯಿಯ ದೊಡ್ಡಪ್ಪನೂ ಬರುತ್ತಾರೆ, ನಾನು ಕರೆದರೆ ಕಾಸರಗೋಡಿನ ಅಪ್ಪನೇ ಬರುವುದಿಲ್ಲ.

ಹೇಳಿದ್ದು ಊರಿಗೆಲ್ಲ ಗೊತ್ತಾದರೆ?

ಗೊತ್ತಾಗಬಾರದು. ಗೊತ್ತು ಮಾಡಿದ ಕೌನ್ಸೆಲರ್ ಆ ಕೆಲಸಕ್ಕೆ ಲಾಯಕ್ಕಲ್ಲ. ಹಾಗೆಂದು ಎಲ್ಲವನ್ನೂ ಗುಟ್ಟಾಗಿ ಇಡುತ್ತೇನೆ ಎಂದು ಭಾಷೆ ಕೊಡುವುದೂ ಸರಿಯಲ್ಲ. ಮಗುವಿನ ಜೀವಕ್ಕೆ ಅಪಾಯ ಕಂಡರೆ ಮನೆಯವರಿಗೆ ಹೇಳಲೇಬೇಕು. 18 ವರ್ಷದೊಳಗಿನವರ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ವರದಿ ಮಾಡಬೇಕು. ಮಾಡದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ ಇದೆ. ಇದನ್ನು ಮಗು ಬಾಯಿಬಿಡುವ ಮೊದಲೇ ಅದಕ್ಕೆ ಹೇಳಿರಬೇಕು. ಹೇಳಿಸಿಕೊಂಡ ಮೇಲೆ ‘ಇನ್ನು ಪೊಲೀಸರಿಗೆ ಹೇಳಬೇಕಾಗುತ್ತದೆ’ ಎನ್ನುವುದು ಮೋಸ.

ಹದಿನಾರು ಹದಿನೇಳರ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಇಷ್ಟಪಟ್ಟು ನಡೆದುಕೊಂಡದ್ದೂ ಈ ಕಾಯ್ದೆಯೊಳಗೆ ಬರುತ್ತದೆ, ಒಪ್ಪಿಗೆ ಲೆಕ್ಕಕ್ಕಿಲ್ಲ. ಶಾಲೆಯ ಕೌನ್ಸೆಲರ್‌ಗಳಿಗೆ ಇದಕ್ಕಿಂತ ಕಷ್ಟದ ಜಾಗ ಇನ್ನೊಂದಿಲ್ಲ. ಕಾನೂನನ್ನು ಸರಿಯಾಗಿ ಓದಿಕೊಳ್ಳಿ, ಹಿರಿಯರೊಬ್ಬರ ಸಲಹೆ ಪಡೆಯಿರಿ, ಮಾಡಿದ್ದನ್ನೆಲ್ಲ ತಾರೀಖು ಹಾಕಿ ಬರೆದಿಡಿ.

ರಾತ್ರಿ ಹೊತ್ತು ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ?

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಭಾಷೆ ಆರಿಸಿಕೊಳ್ಳಬಹುದು. ಮಕ್ಕಳ ಸಹಾಯವಾಣಿ 1098. ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056. ಮಾದಕವಸ್ತುವಿನ ವಿಚಾರಕ್ಕೆ ಅಬಕಾರಿ ಇಲಾಖೆಯ ವಿಮುಕ್ತಿ 14405. ಮಗು ಏನಾದರೂ ಕುಡಿದಿದ್ದರೆ, ಗಾಯ ಮಾಡಿಕೊಂಡಿದ್ದರೆ ಫೋನಿನಲ್ಲಿ ಹೊತ್ತು ಕಳೆಯಬೇಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.

## ಓದು ಮತ್ತು ಉದ್ಯೋಗ

ಪ್ಲಸ್ ಟು ಕಾಮರ್ಸ್ ಮಾಡಿದವಳು ನಾನು. ಈ ದಾರಿಗೆ ಬರಬಹುದೇ?

ಬರಬಹುದು. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂಎಸ್‌ಡಬ್ಲ್ಯೂಗೆ ಸಾಮಾನ್ಯವಾಗಿ ಯಾವ ವಿಷಯದ ಪದವೀಧರರೂ ಅರ್ಜಿ ಹಾಕಬಹುದು. ಕ್ಲಿನಿಕಲ್ ಸೈಕಾಲಜಿಯ ಕಡೆಗೆ ಹೋಗುವ ಮನಸ್ಸಿದ್ದರೆ ಡಿಗ್ರಿಯಲ್ಲೇ ಸೈಕಾಲಜಿ ಆರಿಸಿಕೊಳ್ಳುವುದು ಒಳ್ಳೆಯದು, ಆಮೇಲೆ ದಾರಿ ಬದಲಿಸುವುದು ಸುತ್ತುಬಳಸು. ನನ್ನ ಅಭಿಪ್ರಾಯ ಕೇಳಿದರೆ, ಕುಟುಂಬಗಳ ಜೊತೆ ಕೆಲಸ ಮಾಡುವವರಿಗೆ ಸಮಾಜಕಾರ್ಯದ ಬುನಾದಿಯೇ ಹೆಚ್ಚು ಗಟ್ಟಿ. ಪಡಿತರ ಚೀಟಿ ಹೇಗೆ ಸಿಗುತ್ತದೆ ಎಂದು ತಿಳಿದಿರುವ ಕೌನ್ಸೆಲರ್ ಮಾತನ್ನು ಬಡವರ ಮನೆಯಲ್ಲಿ ಬೇಗ ಕೇಳುತ್ತಾರೆ.

ಎಲ್ಲಿ ಓದುವುದು? ಮಂಗಳೂರಿಗೆ ಹೋಗಲೇ, ಕೇರಳದಲ್ಲೇ ಇರಲೇ?

ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯ ಕಲಿಸುತ್ತಿದೆ. ಮಂಜೇಶ್ವರ, ಉಪ್ಪಳದವರಿಗೆ ಮನೆಯಿಂದಲೇ ಹೋಗಿಬರುವ ದೂರ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲೂ ಎಂಎಸ್‌ಡಬ್ಲ್ಯೂ ಇದೆ. ನಮ್ಮ ಜಿಲ್ಲೆಯೊಳಗೇ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗವಿದೆ. ಕುಂಬಳೆಯ ಉತ್ತರಕ್ಕಿರುವ ನಮ್ಮ ಮಕ್ಕಳು ಅದನ್ನು ಮರೆತೇಬಿಡುತ್ತಾರೆ. ಉನ್ನತ ತರಬೇತಿಗೆ ನಿಮ್ಹಾನ್ಸ್ ಮತ್ತು ಕೋಝಿಕ್ಕೋಡಿನ ಮಾನಸಿಕ ಆರೋಗ್ಯ ಸಂಸ್ಥೆ ಇಂಹಾನ್ಸ್ ಇವೆ. ಕೆಲಸದಲ್ಲಿದ್ದುಕೊಂಡು ಓದುವವರಿಗಾಗಿ ಇಗ್ನೋ ಮುಕ್ತ ವಿಶ್ವವಿದ್ಯಾಲಯ ಕೌನ್ಸೆಲಿಂಗ್ ಮತ್ತು ಫ್ಯಾಮಿಲಿ ಥೆರಪಿಯದೇ ಸ್ನಾತಕೋತ್ತರ ಕೋರ್ಸ್ ರೂಪಿಸಿತ್ತು; ಅದಕ್ಕೆ ಈಗ ಪ್ರವೇಶ ಇದೆಯೇ ಎಂದು ಮೊದಲು ವಿಚಾರಿಸಿ. ಎಂಫಿಲ್ ಪದವಿಗಳನ್ನು ಹೊಸ ಶಿಕ್ಷಣ ನೀತಿಯ ಮೇರೆಗೆ ಬದಲಿಸಲಾಗುತ್ತಿದೆ, ಹಾಗಾಗಿ ಹಿರಿಯ ಅಕ್ಕ ಮಾಡಿದ ಕೋರ್ಸೇ ಈಗಲೂ ಇದೆ ಎಂದುಕೊಳ್ಳದೆ ಆಯಾ ವರ್ಷದ ಪ್ರಕಟಣೆ ನೋಡಿ.

ಕೇರಳದಲ್ಲಿ ಕೆಲಸ ಬೇಕು ಎಂದಿದ್ದರೆ ಹೊರರಾಜ್ಯದ ಪದವಿಗೆ ತತ್ಸಮಾನ ಪ್ರಮಾಣಪತ್ರ ಕೇಳುವ ಸಂದರ್ಭಗಳಿವೆ. ಸೇರುವ ಮೊದಲೇ ವಿಚಾರಿಸಿಕೊಳ್ಳಿ.

ಮೂರು ತಿಂಗಳ ಆನ್‌ಲೈನ್ ಸರ್ಟಿಫಿಕೇಟ್ ಇದೆ. ಬೋರ್ಡ್ ಹಾಕಬಹುದೇ?

ಬೇಡ. ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆ, 2017ರ ಮಾನಸಿಕ ಆರೋಗ್ಯ ಕಾಯ್ದೆ ಇವೆರಡೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂಬುದಕ್ಕೆ ಬೇಲಿ ಹಾಕಿವೆ. ಅದರಾಚೆ ಉಳಿದಿದ್ದ ಮನಶ್ಶಾಸ್ತ್ರಜ್ಞರು, ಕೌನ್ಸೆಲರ್‌ಗಳು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗ ಕಾಯ್ದೆಯ ಅನುಸೂಚಿಯಲ್ಲಿ ಸೇರಿಸಲಾಗಿದೆ. ದಾರಿ ನೋಂದಣಿಯ ಕಡೆಗೇ ಸಾಗುತ್ತಿದೆ. ಸಣ್ಣ ಕೋರ್ಸ್ ಮಾಡಿದ ಟೀಚರ್ ತನ್ನ ತರಗತಿಯಲ್ಲಿ ಒಳ್ಳೆಯ ಟೀಚರ್ ಆಗಬಹುದು, ಅಷ್ಟಕ್ಕೆ ಅದು ಸಾಕು.

ಕೆಲಸ ಎಲ್ಲಿ ಸಿಗುತ್ತದೆ? ಸಂಬಳದಲ್ಲಿ ಸಂಸಾರ ನಡೆಯುತ್ತದೆಯೇ?

ಕೇರಳದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಶಾಲಾ ಕೌನ್ಸೆಲರ್ ಹುದ್ದೆಗಳು, ಕೇರಳದ ಮಹಿಳಾ ಸಂಘಗಳ ಜಾಲವಾದ ಕುಟುಂಬಶ್ರೀಯ ಸಮುದಾಯ ಕೌನ್ಸೆಲರ್‌ಗಳು ಮತ್ತು ಕಷ್ಟದಲ್ಲಿರುವ ಹೆಂಗಸರಿಗೆ ನೆರವಾಗುವ ಅದರ ಸ್ನೇಹಿತಾ ಕೇಂದ್ರ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ವಿಮುಕ್ತಿಯ ಚಿಕಿತ್ಸಾ ಕೇಂದ್ರ, ಮಕ್ಕಳ ರಕ್ಷಣಾ ಘಟಕ, ಕುಟುಂಬ ನ್ಯಾಯಾಲಯ, ಗಡಿಯಾಚೆ ಮಂಗಳೂರಿನ ಖಾಸಗಿ ಆಸ್ಪತ್ರೆಗಳು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ಮೊದಲು ಬೆಳೆದದ್ದು ನಮ್ಮದೇ ಬಳ್ಳಾರಿಯಲ್ಲಿ. 1996ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಇವುಗಳಲ್ಲಿ ಹೆಚ್ಚಿನವು ಗುತ್ತಿಗೆ ಅಥವಾ ಗೌರವಧನದ ಕೆಲಸ. ಗೌರವ ಇದೆ, ಧನ ತಡವಾಗಿ ಬರುತ್ತದೆ. ಮನೆಯಲ್ಲಿ ಇನ್ನೊಂದು ಆದಾಯ ಇಲ್ಲದವರು ಮೊದಲ ಕೆಲವು ವರ್ಷ ಮಂಗಳೂರು ಬೆಂಗಳೂರಿನ ಆಸ್ಪತ್ರೆಗಳಲ್ಲಿ ಅನುಭವ ಗಳಿಸಿ ಊರಿಗೆ ಮರಳುವುದು ಲೇಸು ಎಂದೇ ನಾನು ಹೇಳುತ್ತೇನೆ.

ಮಲಯಾಳ ಸರಿಯಾಗಿ ಬಾರದು. ಕನ್ನಡದಲ್ಲೇ ಕೆಲಸ ಮಾಡಲು ಆಗದೇ?

ಕೋಣೆಯೊಳಗೆ ಆಗುತ್ತದೆ, ಕೋಣೆಯಿಂದ ಹೊರಗೆ ಆಗುವುದಿಲ್ಲ. ಕಡತ, ಸುತ್ತೋಲೆ, ಠಾಣೆಯ ಕಾಗದ, ಮಕ್ಕಳ ಕಲ್ಯಾಣ ಸಮಿತಿಗೆ ಬರೆಯುವ ವರದಿ ಎಲ್ಲವೂ ಹೆಚ್ಚಾಗಿ ಮಲಯಾಳದಲ್ಲಿ. ಓದಿ ಬರೆಯುವಷ್ಟು ಕಲಿಯಲೇಬೇಕು. ಆದರೆ ಮಲಯಾಳ ಮಾತ್ರ ಬಲ್ಲ ಕೌನ್ಸೆಲರ್ ಕನ್ನಡ ಮಾಧ್ಯಮದ ಶಾಲೆಯಲ್ಲಿ ಕೂತರೆ ಮಕ್ಕಳು ‘ಒಳ್ಳೆಯದಿದ್ದೇನೆ’ ಎಂದು ಹೇಳಿ ಎದ್ದುಹೋಗುತ್ತಾರೆ. ಎಣ್ಮಕಜೆ, ಪೈವಳಿಕೆ, ವರ್ಕಾಡಿಯ ಮಗುವಿಗೆ ಮನೆಯಲ್ಲಿ ತುಳುವೋ ಬ್ಯಾರಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಅಳು ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ ಕೇಳುವವರು ಬೇಕು. ಕೌನ್ಸೆಲರ್‌ಗೆ ಭಾಷೆ ಬಾರದಿದ್ದಾಗ ಮಗುವಿನ ಅಕ್ಕನನ್ನೋ ಸಹಪಾಠಿಯನ್ನೋ ದುಭಾಷಿ ಮಾಡುವ ಅಭ್ಯಾಸ ಇದೆ. ಅದನ್ನು ನಿಲ್ಲಿಸಬೇಕು. ನಾಲ್ಕು ಭಾಷೆ ಬಲ್ಲ ಗಡಿನಾಡಿನ ಹುಡುಗಿಗೆ ಈ ವೃತ್ತಿಯಲ್ಲಿ ಇರುವ ಅನುಕೂಲ ಬೆಂಗಳೂರಿನವರಿಗೆ ಇಲ್ಲ.

## ಕೆಲಸಕ್ಕೆ ಇಳಿದವರು ಕೇಳುವುದು

ಅಪ್ಪ ಗಲ್ಫಿನಲ್ಲಿದ್ದಾರೆ. ಫ್ಯಾಮಿಲಿ ಥೆರಪಿಗೆ ಯಾರನ್ನು ಕರೆಯಲಿ?

ಅಪ್ಪನನ್ನೇ. ವಿಡಿಯೊ ಕರೆಯಲ್ಲಿ. 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಫೋನಿನ ಪರದೆಯಲ್ಲಿ ಕೂತು ಮಾತಾಡುವುದು ಆಮೇಲೆ ಇಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಫೋನನ್ನು ಕುರ್ಚಿಯೊಂದರ ಮೇಲೆ ಇಡಿಸಿ, ಅಮ್ಮನ ಕೈಯಲ್ಲಿ ಬೇಡ. ಕೈಯಲ್ಲಿದ್ದರೆ ಅಪ್ಪ ಏನು ಕೇಳಬೇಕು, ಯಾರನ್ನು ನೋಡಬೇಕು ಎಂಬುದನ್ನೆಲ್ಲ ಅಮ್ಮನೇ ತೀರ್ಮಾನಿಸುತ್ತಾರೆ. ಶುಕ್ರವಾರ ಅಪ್ಪನಿಗೆ ರಜೆ ಇರಬಹುದು, ಮಗುವಿಗೆ ಶಾಲೆ. ಸಮಯ ಹುಡುಕುವುದೇ ಅರ್ಧ ಕೆಲಸ.

ಇಂಥ ಮನೆಗಳಲ್ಲಿ ಅಪ್ಪ ರಜೆಗೆ ಬಂದ ತಿಂಗಳಲ್ಲೇ ಜಗಳ ಜಾಸ್ತಿ. ಅವರಿಲ್ಲದಾಗ ಹಿರಿಯ ಮಗ ಮನೆಯ ಯಜಮಾನ. ಅಂಗಡಿ ಲೆಕ್ಕ, ಬ್ಯಾಂಕು, ತಂಗಿಯರ ಶಾಲೆ ಎಲ್ಲ ಅವನ ಕೈಯಲ್ಲಿ. ಅಪ್ಪ ಬಂದ ದಿನ ಅವನು ಮತ್ತೆ ಮಗುವಾಗಬೇಕು. ಅದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ. ಅಪ್ಪ ಬರುವ ಮೊದಲೇ ಅಮ್ಮ, ಮಗ, ಫೋನಿನಲ್ಲಿ ಅಪ್ಪ ಹೀಗೆ ಮೂವರನ್ನೂ ಕೂರಿಸಿ, ಆ ಒಂದು ತಿಂಗಳು ಯಾವ ಕೆಲಸ ಯಾರದ್ದು ಎಂದು ಮಾತಾಡಿಸಿದರೆ ಎಷ್ಟೋ ರಂಪ ತಪ್ಪುತ್ತದೆ.

ಎಂಡೋಸಲ್ಫಾನ್ ಬಾಧಿತರ ಮನೆಗೆ ಹೋಗಿ ಕೌನ್ಸೆಲಿಂಗ್ ಮಾಡುವುದೆಂದರೆ ಏನು? ಅವರಿಗೆ ಬೇಕಾದದ್ದು ದುಡ್ಡು, ಔಷಧ.

ಸರಿಯಾದ ಪ್ರಶ್ನೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷ ಸುರಿಯುವುದು 2000ದ ಹೊತ್ತಿಗೆ ನಿಂತಿತು. ಸುಪ್ರೀಂ ಕೋರ್ಟ್ 2011ರಲ್ಲಿ ಎಂಡೋಸಲ್ಫಾನಿಗೇ ತಡೆ ಹಾಕಿತು, 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಪರಿಹಾರ ಬಾಕಿ ಇರುವ ಮನೆಯ ಜಗಲಿಯಲ್ಲಿ ಕೂತು ‘ಧೈರ್ಯವಾಗಿರಿ’ ಎಂದು ಹೇಳಿಬರುವುದು ಕೌನ್ಸೆಲಿಂಗ್ ಅಲ್ಲ. ಅರ್ಜಿ ಎಲ್ಲಿ ನಿಂತಿದೆ ಎಂದು ನೋಡಿ, ಬೌದ್ಧಿಕ ಸವಾಲಿರುವ ಮಕ್ಕಳ ಬಡ್ಸ್ ಶಾಲೆಗೆ ವಾಹನ ಬರುತ್ತದೆಯೇ ವಿಚಾರಿಸಿ.

ಅದಾದ ಮೇಲೆ ನೋಡಬೇಕಾದದ್ದು ಮನೆಯ ಇನ್ನೊಂದು ಮಗುವನ್ನು. ಮಲಗಿದಲ್ಲೇ ಇರುವ ಅಣ್ಣನ ಆರೈಕೆಯಲ್ಲಿ ಮುಳುಗಿದ ತಾಯಿಗೆ, ಏನೂ ಕಾಯಿಲೆ ಇಲ್ಲದ, ಕ್ಲಾಸಿಗೆ ಮೊದಲು ಬರುವ ಹದಿನಾಲ್ಕರ ತಂಗಿ ಕಣ್ಣಿಗೆ ಬೀಳುವುದೇ ಇಲ್ಲ. ಯಾರಿಗೂ ತೊಂದರೆ ಕೊಡಬಾರದು ಎಂದು ಆ ಹುಡುಗಿ ಚಿಕ್ಕವಳಿದ್ದಾಗಲೇ ತೀರ್ಮಾನಿಸಿರುತ್ತಾಳೆ. ಅವಳ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಫ್ಯಾಮಿಲಿ ಕೋರ್ಟಿನ ಕೌನ್ಸೆಲರ್ ಎಂದರೆ ಹೇಗಾದರೂ ರಾಜಿ ಮಾಡಿಸುವವರೇ?

ಕುಟುಂಬ ನ್ಯಾಯಾಲಯಗಳ 1984ರ ಕಾಯ್ದೆ ಕೌನ್ಸೆಲರ್‌ಗಳಿಗೆ ಜಾಗ ಕೊಟ್ಟಿದೆ, ಸಾಧ್ಯವಿರುವಲ್ಲಿ ಒಪ್ಪಂದಕ್ಕೆ ಯತ್ನಿಸಬೇಕೆಂದು ನ್ಯಾಯಾಲಯಕ್ಕೂ ಹೇಳಿದೆ. ‘ಸಾಧ್ಯವಿರುವಲ್ಲಿ’ ಎಂಬುದನ್ನು ನುಂಗಿಹಾಕಿ ಹೊಡೆತ ತಿಂದವಳನ್ನು ‘ಮಕ್ಕಳಿಗಾಗಿ ಹೊಂದಿಕೋ’ ಎಂದು ವಾಪಸು ಕಳುಹಿಸುವವರಿದ್ದಾರೆ. ಹಿಂಸೆ ನಡೆಯುತ್ತಿರುವ ಮನೆಯಲ್ಲಿ ಗಂಡ ಹೆಂಡತಿಯನ್ನು ಜೊತೆಗೆ ಕೂರಿಸಬಾರದು; ಕೋಣೆಯಲ್ಲಿ ಆಡಿದ ಮಾತಿಗೆ ಅವಳು ಮನೆಯಲ್ಲಿ ಬೆಲೆ ತೆರುತ್ತಾಳೆ. ಮೊದಲು ಬೇರೆಬೇರೆಯಾಗಿ ಕೇಳಿ. ಬೇರೆಯಾಗುವುದೇ ಸರಿ ಎಂದಾದರೆ, ಮಕ್ಕಳನ್ನು ಸಾಕ್ಷಿಯನ್ನಾಗಿ ಮಾಡದೆ ಬೇರೆಯಾಗಲು ನೆರವಾಗುವುದೂ ಈ ಕೆಲಸದ ಭಾಗ.

ದಿನವೆಲ್ಲ ಬೇರೆಯವರ ಕಷ್ಟ ಕೇಳಿ ನಿಮಗೆ ತಲೆ ಕೆಡುವುದಿಲ್ಲವೇ?

ಕೆಡುತ್ತದೆ. ಅದಕ್ಕೇ ಸೂಪರ್‌ವಿಷನ್ ಇರುವುದು: ನಿಮಗಿಂತ ಅನುಭವಿಯೊಬ್ಬರ ಮುಂದೆ ನಿಮ್ಮ ಪ್ರಕರಣಗಳನ್ನು ನಿಯಮಿತವಾಗಿ ಇಡುವುದು. ಅದಿಲ್ಲದ ಉದ್ಯೋಗ ಒಪ್ಪಿಕೊಂಡರೆ ನಿಮ್ಮ ಕೈಯಿಂದಲೇ ಖರ್ಚು ಮಾಡಿಯಾದರೂ ಏರ್ಪಾಡು ಮಾಡಿಕೊಳ್ಳಿ.

## ಸಂಶೋಧನೆಯ ಕಡೆಗೆ

ತಡೆಗಟ್ಟುವಿಕೆಯ ಸಂಶೋಧನೆ ಎಂದರೇನು? ಶಾಲೆಯಲ್ಲಿ ಜಾಥಾ, ಪ್ರತಿಜ್ಞೆ ಎಲ್ಲ ಮಾಡುತ್ತಿದ್ದೇವಲ್ಲ?

ಜಾಥಾದ ಫೋಟೊ ಚೆನ್ನಾಗಿ ಬರುತ್ತದೆ. ಅದರಿಂದ ಎಷ್ಟು ಮಕ್ಕಳು ಗಾಂಜಾ ಮುಟ್ಟದೆ ಉಳಿದರು ಎಂದು ಯಾರೂ ಎಣಿಸುವುದಿಲ್ಲ. ಎಣಿಸುವುದೇ ಈ ಸಂಶೋಧನೆ. ಅಮೆರಿಕದಲ್ಲಿ 1983ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ಹುಟ್ಟಿದ ಡೇರ್ ಕಾರ್ಯಕ್ರಮದಲ್ಲಿ ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ದೇಶವೆಲ್ಲ ಮೆಚ್ಚಿಕೊಂಡಿತು. ಪಾಠ ಕೇಳಿದ ಮತ್ತು ಕೇಳದ ಮಕ್ಕಳನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಹೊರತಂದು 2018ರಲ್ಲಿ ಪರಿಷ್ಕರಿಸಿದ ಮಾನದಂಡಗಳು ನೇರವಾಗಿಯೇ ಹೇಳುತ್ತವೆ: ಹೆದರಿಸುವ ಭಾಷಣ, ಚಟ ಬಿಟ್ಟವರನ್ನು ಕರೆಸಿ ಅನುಭವ ಹೇಳಿಸುವುದು ಇವುಗಳಿಂದ ಪ್ರಯೋಜನ ಕಂಡಿಲ್ಲ; ಹೆತ್ತವರ ಕೌಶಲ ಹೆಚ್ಚಿಸುವ ಕುಟುಂಬ ಕಾರ್ಯಕ್ರಮಗಳಿಂದ ಕಂಡಿದೆ.

ಐಸ್‌ಲ್ಯಾಂಡಿನ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನೂ ಕೊಡುತ್ತೇನೆ. ಅಲ್ಲಿ 15–16 ವಯಸ್ಸಿನವರಲ್ಲಿ ಹಿಂದಿನ ತಿಂಗಳು ಕುಡಿದು ಅಮಲೇರಿದವರು 1998ರಲ್ಲಿ ಶೇ. 42, 2016ರಲ್ಲಿ ಶೇ. 5. ಮಕ್ಕಳನ್ನು ನಿಯಮಿತವಾಗಿ ಸಮೀಕ್ಷೆ ಮಾಡಿ ಫಲಿತಾಂಶವನ್ನು ಅದೇ ಊರಿನ ಹೆತ್ತವರ ಮುಂದೆ ಇಟ್ಟರು, ಆಟಕ್ಕೂ ಸಂಗೀತಕ್ಕೂ ಹಣ ಹಾಕಿದರು, ರಾತ್ರಿ ಹೊರಗಿರುವ ಹೊತ್ತಿಗೆ ಮಿತಿ ತಂದರು. ಅದು ಚಿಕ್ಕ ದೇಶ, ದುಡ್ಡಿರುವ ದೇಶ. ಆದರೂ ಮಕ್ಕಳಿಂದ ತಿಳಿದದ್ದನ್ನು ಅದೇ ಊರಿಗೆ ಬೇಗ ಮರಳಿಸುವ ಕ್ರಮವನ್ನು ಒಂದು ಪಂಚಾಯತಿ ಮಟ್ಟದಲ್ಲಿ ನಾವೂ ಮಾಡಬಹುದು. ಹೆಂಗಸರ, ಮಕ್ಕಳ ರಕ್ಷಣೆಗೆಂದು ಪಂಚಾಯತಿಗಳಲ್ಲಿ ಜಾಗ್ರತಾ ಸಮಿತಿಗಳು ಹೇಗೂ ಇವೆ.

ಶಾಲೆಯಲ್ಲಿ ಟೀಚರೇ ಇದನ್ನು ಮಾಡಬಹುದಲ್ಲ? ಪ್ರತ್ಯೇಕ ಜನ ಯಾಕೆ?

ಬಿಹಾರದ ನಾಲಂದಾ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇದನ್ನೇ ಪರೀಕ್ಷಿಸಿದರು. ಗೋವಾದ ಸಂಗಾತ್ ಸಂಸ್ಥೆಯವರು ಪಾಲ್ಗೊಂಡ ಆ ಅಧ್ಯಯನದ ಹೆಸರು ಸೆಹರ್, ಫಲಿತಾಂಶ ಬಂದದ್ದು 2018ರಲ್ಲಿ. ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ತರಬೇತಾದ ಸಾಮಾನ್ಯ ಕೌನ್ಸೆಲರ್‌ಗಳು ನಡೆಸಿದರು, ಕೆಲವು ಶಾಲೆಗಳಲ್ಲಿ ಶಿಕ್ಷಕರು. ಕೌನ್ಸೆಲರ್‌ಗಳಿದ್ದಲ್ಲಿ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ, ಪೀಡನೆ, ಹಿಂಸೆ ಕಡಿಮೆಯಾದವು. ಶಿಕ್ಷಕರು ನಡೆಸಿದಲ್ಲಿ ಪರಿಣಾಮ ಕಾಣಲಿಲ್ಲ. ಶಿಕ್ಷಕರನ್ನು ದೂರಲು ಇದನ್ನು ಬಳಸಬೇಡಿ. ನಮ್ಮ ಹೈಯರ್ ಸೆಕೆಂಡರಿಯಲ್ಲಿ ಹದಿಹರೆಯದವರಿಗೆಂದು ಇರುವ ಸೌಹೃದ ಕ್ಲಬ್ ನಡೆಸುವ ಟೀಚರ್‌ಗೆ ಪಾಠ, ಪರೀಕ್ಷೆ, ಕಲೋತ್ಸವ ಎಲ್ಲವೂ ಇರುತ್ತದೆ. ಉತ್ತರ ಪತ್ರಿಕೆ ತಿದ್ದಿ ಅಂಕ ಕೊಡುವವರ ಮುಂದೆ ಮಗು ಮನಸ್ಸು ಬಿಚ್ಚುವುದೂ ಸುಲಭವಲ್ಲ.

ಹೊರಗಿನ ಕಾರ್ಯಕ್ರಮವನ್ನು ಇಲ್ಲಿಗೆ ತರುವಾಗ ಎಷ್ಟು ಬದಲಿಸಬಹುದು?

ಅಯೋವಾದಲ್ಲಿ ರೂಪುಗೊಂಡ ಕುಟುಂಬ ಬಲವರ್ಧನೆಯ ಕಾರ್ಯಕ್ರಮವನ್ನೇ ನೋಡಿ: 10ರಿಂದ 14 ವಯಸ್ಸಿನ ಮಕ್ಕಳು ಮತ್ತು ಹೆತ್ತವರು ಏಳು ವಾರ ಬರುತ್ತಾರೆ, ಮೊದಲ ಗಂಟೆ ಬೇರೆಬೇರೆ, ಎರಡನೇ ಗಂಟೆ ಜೊತೆಗೆ. ಈ ಕ್ರಮ, ಜೊತೆಗೆ ಕೂತು ಮಾಡುವ ಅಭ್ಯಾಸ ಇವು ಕಾರ್ಯಕ್ರಮದ ತಿರುಳು. ಅದನ್ನು ಮುಟ್ಟಿದರೆ ಅದರ ಸಾಕ್ಷ್ಯವೂ ಹೋಯಿತು. ಹೆಸರು, ಕಥೆ, ಊಟ, ಹೆತ್ತವರ ಜಾಗದಲ್ಲಿ ಅಜ್ಜಿ ಬರುವುದು ಇವನ್ನೆಲ್ಲ ಬದಲಿಸಿ. ಸಮಯವನ್ನಂತೂ ಬದಲಿಸಲೇಬೇಕು. ಕೋಲ, ಯಕ್ಷಗಾನದ ಕಾಲದಲ್ಲಿ ಸಂಜೆ ಜನ ಸಿಗುವುದಿಲ್ಲ, ರಂಜಾನ್ ತಿಂಗಳಲ್ಲಿ ಇನ್ನರ್ಧ ಜನ ಸಿಗುವುದಿಲ್ಲ, ಭಾನುವಾರ ಮದುವೆ. ವೇಳಾಪಟ್ಟಿ ಬರೆಯುವ ಮೊದಲು ಅಂಗನವಾಡಿ ಟೀಚರ್ ಹತ್ತಿರ ಅರ್ಧ ಗಂಟೆ ಕೂತುಬನ್ನಿ.

ಮಕ್ಕಳನ್ನು ಸಂಶೋಧನೆಗೆ ಸೇರಿಸಲು ಹೆಡ್‌ಮಾಸ್ಟರ್ ಸಹಿ ಸಾಕೇ?

ಸಾಲದು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ನೈತಿಕ ಮಾರ್ಗಸೂಚಿಯಂತೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು, ಜೊತೆಗೆ ಮಗುವಿನ ಸಮ್ಮತಿಯೂ ಬೇಕು: 7ರಿಂದ 12ರವರೆಗೆ ಬಾಯಿಮಾತಿನ ಸಮ್ಮತಿ, 12ರಿಂದ 18ರವರೆಗೆ ಬರೆದ ಸಮ್ಮತಿ. ಅದಕ್ಕೂ ಮೊದಲು ನೈತಿಕ ಸಮಿತಿಯ ಮಂಜೂರಾತಿ. ಪ್ರಶ್ನಾವಳಿಯಲ್ಲಿ ಮಗುವೊಂದು ದೌರ್ಜನ್ಯದ ಬಗ್ಗೆ ಬರೆದರೆ ಅದೇ ದಿನ ಯಾರು ಏನು ಮಾಡಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಹೆಸರಿಲ್ಲದ ಹಾಳೆ ತುಂಬಿಸಿಕೊಂಡರೆ ಯಾವ ಮಗು ಎಂದೇ ತಿಳಿಯುವುದಿಲ್ಲ; ಹೆಸರು ಬರೆಸಿದರೆ ನಿಜ ಬರೆಯುವುದಿಲ್ಲ. ಈ ಇಕ್ಕಟ್ಟಿಗೆ ನಿಮ್ಮ ಉತ್ತರ ಏನು ಎಂದು ಸಮಿತಿಯವರು ಕೇಳಿಯೇ ಕೇಳುತ್ತಾರೆ.

ಎಂಎಸ್‌ಡಬ್ಲ್ಯೂ ಮುಗಿದ ತಕ್ಷಣ ಪಿಎಚ್‌ಡಿಗೆ ಹೋಗಲೇ?

ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಗೌರವಧನದ ಕೆಲಸಕ್ಕಿಂತ ವಾಸಿ ಅನ್ನಿಸುವುದು ಸಹಜ. ಆದರೂ ಎರಡು ಮೂರು ವರ್ಷ ಮನೆಗಳ ಜಗಲಿ ಹತ್ತಿಳಿದು ಆಮೇಲೆ ಹೋಗಿ ಎನ್ನುತ್ತೇನೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತು. ಆ ಅಂಕಿಯನ್ನು ಮುನ್ನುಡಿಯಲ್ಲಿ ಹಾಕಿ ಇನ್ನೊಂದು ಪ್ರಬಂಧ ಬರೆಯುವವರು ಸಾಕಷ್ಟಿದ್ದಾರೆ.

ನಮ್ಮ ಜಿಲ್ಲೆಯಲ್ಲಿ ಇಲ್ಲದಿರುವುದು ಇಲ್ಲಿಯ ಮನೆಗಳಿಗೆ ಹೊಂದುವ ಅಳತೆಗೋಲು. ಹೊರಗಿನ ಪ್ರಶ್ನಾವಳಿಯೊಂದು ‘ವಾರದಲ್ಲಿ ಎಷ್ಟು ದಿನ ಅಪ್ಪ ಅಮ್ಮನ ಜೊತೆ ರಾತ್ರಿ ಊಟ ಮಾಡುತ್ತೀಯ’ ಎಂದು ಕೇಳಿ, ಸೊನ್ನೆ ಬಂದರೆ ಆ ಮನೆಯನ್ನು ಅಪಾಯದ ಪಟ್ಟಿಗೆ ಸೇರಿಸುತ್ತದೆ. ಅಪ್ಪ ದುಬೈಯಲ್ಲಿ, ಮಗ ಮೊದಲು ಉಂಡು, ಅಮ್ಮ ಕೊನೆಗೆ ಅಡುಗೆಮನೆಯಲ್ಲಿ ಉಣ್ಣುವ ಉಪ್ಪಳದ ಮನೆಯಲ್ಲಿ ಉತ್ತರ ಸೊನ್ನೆಯೇ. ರಾತ್ರಿ ಹತ್ತಕ್ಕೆ ಬರುವ ಅಪ್ಪನ ಫೋನಿಗೆ ಮನೆಯವರೆಲ್ಲ ಕಾದು ಕೂರುವುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಅಂಥ ಪ್ರಶ್ನೆಗಳನ್ನು ಕನ್ನಡ, ತುಳು, ಬ್ಯಾರಿಯಲ್ಲಿ ಹೊಸದಾಗಿ ಬರೆದು, ಮಕ್ಕಳ ಎದುರು ಓದಿಸಿ, ಅವರು ಏನು ಅರ್ಥ ಮಾಡಿಕೊಂಡರು ಎಂದು ಕೇಳಿ, ತಿದ್ದಿ, ನೂರಾರು ಮಕ್ಕಳ ಮೇಲೆ ಪರೀಕ್ಷಿಸಿದರೆ ಅದೇ ಒಂದು ಪಿಎಚ್‌ಡಿ ಆಗುತ್ತದೆ. ವಿಷಯ ಹುಡುಕುತ್ತಿರುವವರು ಇದನ್ನು ಎತ್ತಿಕೊಳ್ಳಬಹುದು.